ಎರಡು ಕಂತು ತಪ್ಪಿದೆ, ಮನೆ ಹೋಗುತ್ತಾ ಸರ್?

ಪ್ರಶ್ನೆ: ನಾವು ಮೈಸೂರಿನವರು ಸರ್. 2021ರಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಲಿ 28 ಲಕ್ಷ ಸಾಲ ತಗೊಂಡು ಮನೆ ಕಟ್ಟಿಸಿದ್ವಿ, 20 ವರ್ಷದ್ದು, ಕಂತು 24,744. ನನ್ನದೂ ಸಹಿ ಇದೆ ಸಾಲದಲ್ಲಿ. ಯಜಮಾನ್ರಿಗೆ 44 ವರ್ಷ, ಫ್ಯಾಕ್ಟರಿಲಿ ಓಟಿ ಎಲ್ಲ ಸೇರಿ 54 ಸಾವಿರ ಬರ್ತಿತ್ತು, ಆ ಕೆಲಸ ಹೋಯ್ತು, ಈಗ ಒಂದು ಗೋಡೌನ್‌ನಲ್ಲಿ 27 ಸಾವಿರಕ್ಕೆ ಹೋಗ್ತಿದಾರೆ. ನಾನು ಬಟ್ಟೆ ಹೊಲಿದು ಎಂಟೊಂಬತ್ತು ಸಾವಿರ ತರ್ತೀನಿ. ಎರಡು ಕಂತು ಕಟ್ಟೋಕಾಗ್ಲಿಲ್ಲ, ಮೊದಲನೇದಕ್ಕೆ ಇವತ್ತಿಗೆ 52 ದಿನ. ಮನೆಗೆ ಬರೋ ಹುಡುಗ ‘ಇನ್ನೊಂದು ವಾರದಲ್ಲಿ ಬೀಗ ಹಾಕ್ತೀವಿ’ ಅಂತ ನಮ್ಮತ್ತೆ ಮುಂದೆ ಹೇಳಿ ಹೋದ, ಅವರು ಊಟ ಬಿಟ್ಟಿದಾರೆ. ನಾಲ್ಕು ವರ್ಷದಲ್ಲಿ ಹತ್ರ ಹತ್ರ 12 ಲಕ್ಷ ಕಟ್ಟಿದೀವಿ, ಸ್ಟೇಟ್‌ಮೆಂಟ್ ನೋಡಿದ್ರೆ ಅಸಲು ಇನ್ನೂ 27 ಲಕ್ಷ ಇದೆ, ಇದು ಮೋಸ ಅಲ್ವಾ? ನಮ್ಮಣ್ಣ ಮನೆನ ಲೀಸ್‌ಗೆ ಕೊಟ್ಟು ಬಂದ ದುಡ್ಡಲ್ಲಿ ಬಾಕಿ ಕಟ್ಟಿ ಅಂತಾನೆ, ಇನ್ಯಾರೋ ಸೆಟಲ್‌ಮೆಂಟ್ ಮಾಡಿಸಿಕೊಡ್ತೀವಿ ಕಂತು ನಿಲ್ಸಿಬಿಡಿ ಅಂತಾರೆ. ಏನು ಮಾಡ್ಬೇಕು?

ಉತ್ತರ: ಮೇಡಂ, ಮೊದಲು ಅತ್ತೆಯವರಿಗೆ ಊಟ ಮಾಡೋಕೆ ಹೇಳಿ. ಒಂದು ವಾರದಲ್ಲಿ ಯಾರೂ ಬೀಗ ಹಾಕಲ್ಲ, ಹಾಕೋಕಾಗಲ್ಲ. ನಾನು 19 ವರ್ಷ ಹೌಸಿಂಗ್ ಲೋನ್ ವಸೂಲಿ ಸೆಕ್ಷನ್ನಲ್ಲೇ ಕೂತಿದ್ದವನು, ಅಂದ್ರೆ ನಿಮ್ಮ ಮನೆಗೆ ಬಂದನಲ್ಲ ಆ ಹುಡುಗನ್ನ ಕಳಿಸೋ ಟೇಬಲ್ಲಲ್ಲಿ, ಆ ಮಾತು ಎಲ್ಲಿಂದ ಬರುತ್ತೆ ಅಂತ ಗೊತ್ತು. ಅದು ಕಾನೂನಿನ ಮಾತಲ್ಲ, ಆ ತಿಂಗಳ ಟಾರ್ಗೆಟ್ ಮಾತು.

ನಿಜವಾಗಿ ಆಗೋದೇನು ಅಂದ್ರೆ, ಕಂತು ತಪ್ಪಿ 90 ದಿನ ದಾಟಿದ್ರೆ ನಿಮ್ಮ ಖಾತೆ ಎನ್‌ಪಿಎ, ಅಂದ್ರೆ ವಸೂಲಾಗದೆ ನಿಂತ ಸಾಲ ಅಂತಾಗುತ್ತೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ (ಅಡ ಇಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡೋ ಕಾನೂನು) ಪ್ರಕಾರ ಸೆಕ್ಷನ್ 13(2)ರ ನೋಟಿಸ್ ಕೊಡ್ಬೇಕು, ಪೂರ್ತಿ ಹಣ ಕಟ್ಟೋಕೆ ಅದರಲ್ಲಿ 60 ದಿನ ಟೈಮ್. ಆ ನೋಟಿಸ್‌ಗೆ ನೀವು ಬರವಣಿಗೆಲಿ ಆಕ್ಷೇಪಣೆ ಕೊಟ್ರೆ ಅವರು 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡ್ಲೇಬೇಕು. ಅದೂ ಮುಗಿದ ಮೇಲೆ ಮನೆ ಗೋಡೆಗೆ ಸ್ವಾಧೀನದ ನೋಟಿಸ್ ಅಂಟಿಸ್ತಾರೆ, ಎರಡು ಪೇಪರ್‌ನಲ್ಲಿ ಹಾಕಿಸ್ತಾರೆ, ಅದರಲ್ಲಿ ಒಂದು ಕನ್ನಡ ಪೇಪರ್ ಇರುತ್ತೆ, ಈ ಹಂತದಲ್ಲಿ ಜನಕ್ಕೆ ಮನೆ ಹೋಗೋದಕ್ಕಿಂತ ಹೆಸರು ಪೇಪರ್‌ನಲ್ಲಿ ಬಂತಲ್ಲ ಅನ್ನೋದೇ ಜಾಸ್ತಿ ಚುಚ್ಚುತ್ತೆ, ನಾನು ನೋಡಿದೀನಿ. ಒಳಗಿರೋರನ್ನ ನಿಜವಾಗಿ ಎಬ್ಬಿಸ್ಬೇಕು ಅಂದ್ರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಹತ್ರ ಅದೇ ಕಾಯ್ದೆಯ ಸೆಕ್ಷನ್ 14ರ ಆರ್ಡರ್ ತಗೊಂಡೇ ಬರ್ತಾರೆ, ಹರಾಜಿಗೆ ಮತ್ತೆ 30 ದಿನದ ನೋಟಿಸ್. ಲೆಕ್ಕ ಹಾಕಿ, ಎಲ್ಲಾ ಸರಸರ ನಡೆದ್ರೂ ತಿಂಗಳುಗಟ್ಟಲೆ ಹಿಡಿಯುತ್ತೆ.

ಹಾಗಂತ ನಿಶ್ಚಿಂತೆಯಾಗಿ ಇರಿ ಅಂತಲ್ಲ. ನಿಮ್ಮ ಕೈಲಿ ಈಗ ಇರೋದು 38 ದಿನ, 52ರಿಂದ 90ರ ತನಕ. ಈ 38 ದಿನಕ್ಕೆ ಇರೋ ಬೆಲೆ ಆಮೇಲಿನ ಒಂದು ವರ್ಷಕ್ಕೆ ಇರಲ್ಲ. ಯಾಕೆ ಅಂತ ಹೇಳ್ತೀನಿ, ಇದನ್ನ ಬ್ರಾಂಚಲ್ಲಿ ಯಾರೂ ಕೂರಿಸಿ ಹೇಳಲ್ಲ. ಇವತ್ತು ಎರಡು ಕಂತು ಬಾಕಿ ಇದ್ದಾಗ ನೀವು ಒಂದೇ ಒಂದು ಕಂತು ಕಟ್ಟಿದ್ರೂ ಅದು ಸಾಮಾನ್ಯವಾಗಿ ಹಳೇ ಬಾಕಿಗೆ ಜಮಾ ಆಗುತ್ತೆ, ಹಾಗಾಗಿ ನಿಮ್ಮ ಲೆಕ್ಕ 52 ದಿನದಿಂದ ಸೀದಾ 22 ದಿನಕ್ಕೆ ಇಳಿಯುತ್ತೆ. ಬಾಕಿ ಇರುತ್ತೆ, ಫೋನ್ ಬರುತ್ತೆ, ಆದ್ರೆ ಖಾತೆ ಬದುಕಿರುತ್ತೆ. ಅದೇ 90 ದಾಟಿ ಎನ್‌ಪಿಎ ಆದ್ಮೇಲೆ ಈ ಆಟ ನಡೆಯಲ್ಲ. 2021ರ ನವೆಂಬರ್‌ನಲ್ಲಿ ಆರ್‌ಬಿಐ ಸ್ಪಷ್ಟ ಮಾಡಿಬಿಡ್ತು, ಎನ್‌ಪಿಎ ಇಂದ ವಾಪಸ್ ಬರ್ಬೇಕಂದ್ರೆ ಬಾಕಿ ಇರೋ ಅಷ್ಟೂ ಕಂತು, ಬಡ್ಡಿ ಸಮೇತ, ಪೂರ್ತಿ ಕಟ್ಬೇಕು ಅಂತ. ಒಂದು ಕಂತು ಬಿಸಾಕಿ ತಪ್ಪಿಸ್ಕೊಳ್ಳೋ ಕಾಲ ಹೋಯ್ತು. ಅದಕ್ಕೇ ಹೇಳೋದು, ಎಲ್ಲಿಂದಾದ್ರೂ ಸರಿ, ಈ ತಿಂಗಳು ಒಂದು ಕಂತು ಹೋಗ್ಲೇಬೇಕು, ಕಟ್ಟಿದ ರಸೀದಿಲಿ ಯಾವ ಕಂತಿಗೆ ಜಮಾ ಆಯ್ತು ಅಂತಾನೂ ನೋಡ್ಕೊಳ್ಳಿ, ಕೆಲವು ಕಡೆ ಮೊದಲು ಚಾರ್ಜುಗಳಿಗೆ ಹಿಡ್ಕೊಂಡುಬಿಡ್ತಾರೆ.

ಎಲ್ಲಿಂದ ತರೋದು ಅಂತೀರ. ಮನೆಲಿ ಸ್ವಲ್ಪ ಒಡವೆ ಇದ್ರೆ, ಬೈಕೋಬೇಡಿ, ಅಡ ಇಡೋದಕ್ಕಿಂತ ಒಂದು ಸಣ್ಣದನ್ನ ಮಾರೋದು ವಾಸಿ ಅಂತೀನಿ ನಾನು. ಅಡ ಇಟ್ರೆ ಕಂತಿನ ಮೇಲೆ ಇನ್ನೊಂದು ಬಡ್ಡಿ, ಬಿಡಿಸ್ಕೊಳ್ಳೋಕಾಗದೆ ಕೊನೆಗೆ ಅದೂ ಹರಾಜಿಗೆ ಹೋಗುತ್ತೆ, ಆಗ ಬರೋ ಬೆಲೆಗೂ ಇವತ್ತು ನೀವೇ ಅಂಗಡಿಗೆ ಹೋಗಿ ಕೊಟ್ಟಾಗ ಬರೋ ಬೆಲೆಗೂ ವ್ಯತ್ಯಾಸ ಇದೆ. ಯಜಮಾನ್ರ ಹಳೇ ಕೆಲಸದ ಪಿಎಫ್ ಎಷ್ಟಿದೆ ಅಂತ ಯುಎಎನ್ (ಪಿಎಫ್ ಸದಸ್ಯರ ನಂಬರ್) ಹಾಕಿ ನೋಡಿ, ಮನೆ ಸಾಲ ತೀರಿಸೋಕೆ ಅಂತ ಅದರಲ್ಲಿ ಹಣ ತೆಗೆಯೋ ಅವಕಾಶ ಮೊದಲಿಂದ್ಲೂ ಇದೆ, ಇಷ್ಟು ವರ್ಷ ಸರ್ವೀಸ್ ಆಗಿರ್ಬೇಕು ಅನ್ನೋ ಷರತ್ತು ಇರುತ್ತೆ. ಅದು ಮುಪ್ಪಿನ ದುಡ್ಡು, ಪೂರ್ತಿ ಬಳಿದು ಹಾಕ್ಬೇಡಿ. ಸಾಲ ತಗೊಳ್ಳೋವಾಗ ಇನ್ಶೂರೆನ್ಸ್ ಅಂತ ಒಂದು ಮೊತ್ತ ಸೇರಿಸಿದಾರಾ ನೋಡಿ, ಬಹಳಷ್ಟು ಜನಕ್ಕೆ ಸೇರಿಸಿದ್ದೇ ಗೊತ್ತಿರಲ್ಲ, ಕೆಲವು ಪಾಲಿಸಿಲಿ ಕೆಲಸ ಹೋದ್ರೆ ಮೂರು ಕಂತು ಕಟ್ಟೋ ಕವರ್ ಇರುತ್ತೆ, ಎಲ್ಲದ್ರಲ್ಲೂ ಇರಲ್ಲ. ಪರ್ಸನಲ್ ಲೋನ್, ಆಪ್‌ನಲ್ಲಿ ಸಾಲ, ಕ್ರೆಡಿಟ್ ಕಾರ್ಡ್ ಮಾತ್ರ ಬೇಡ್ವೇ ಬೇಡ.

ಈಗ ಆ 12 ಲಕ್ಷದ ವಿಷಯ. ಮೋಸ ಅಲ್ಲ ಮೇಡಂ, ಆದ್ರೆ ನಿಮಗೆ ಸರಿಯಾಗಿ ತಿಳಿಸಿಲ್ಲ ಅನ್ನೋದೂ ಹೌದು. ನಿಮ್ಮ ಕಂತಿನ ಲೆಕ್ಕ ನೋಡಿದ್ರೆ ಶುರುಲಿ ಬಡ್ಡಿ 8.75% ಇತ್ತು. 2022ರ ಮೇ ಇಂದ 2023ರ ಫೆಬ್ರವರಿ ಒಳಗೆ ಆರ್‌ಬಿಐ ರೆಪೋ ದರ, ಅಂದ್ರೆ ಅದು ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, 4% ಇಂದ 6.5%ಗೆ ಹೋಯ್ತು, ಎಲ್ಲರ ಬಡ್ಡಿನೂ ಏರ್ತು, ಸ್ಟೇಟ್‌ಮೆಂಟ್‌ನಲ್ಲಿ ಉಳಿದಿರೋ ಅಸಲು ನೋಡಿದ್ರೆ ನಿಮ್ಮದು 10.25%ರ ಹತ್ರ ಬಂದು ನಿಂತಿರ್ಬೇಕು. ಕಂಪನಿ ಕಂತು ಏರಿಸ್ಲಿಲ್ಲ, ಅವಧಿ ಎಳೀತು. ಕಂತು ಅದೇ 24,744, ಆದ್ರೆ ಅದರಲ್ಲಿ ಬಡ್ಡಿಗೇ ಹೆಚ್ಚುಕಮ್ಮಿ 23,400 ಹೋಗಿ ಅಸಲಿಗೆ ಸಾವಿರದ ಚಿಲ್ಲರೆ ಮಾತ್ರ ಜಮಾ. 19 ವರ್ಷ ಬಾಕಿ ಇದ್ದ ಸಾಲ ಆಗ ಸುಮಾರು 29 ವರ್ಷ ಆಗೋಯ್ತು, ಈಗ ಅದರಲ್ಲಿ 26 ಉಳಿದಿದೆ, ಅಂದ್ರೆ ಯಜಮಾನ್ರಿಗೆ 70 ಆಗೋ ತನಕ. ಕಂತು ಏರ್ಲಿಲ್ಲ ಅಂತ ನೀವು ನೆಮ್ಮದಿಯಾಗಿದ್ರಿ, ಒಳಗೆ ಸಾಲ ಹಾಗೇ ಕೂತಿತ್ತು.

ಇದರಲ್ಲೇ ನಿಮಗೊಂದು ದಾರಿನೂ ಇದೆ. 2025ರಲ್ಲಿ ರೆಪೋ ಇಳೀತಾ ಬಂತು, ಫೆಬ್ರವರಿಲಿ ಶುರುವಾಗಿ ಡಿಸೆಂಬರ್ ಹೊತ್ತಿಗೆ 5.25% ಆಯ್ತು. ಬ್ಯಾಂಕಲ್ಲಿ 2019ರ ಅಕ್ಟೋಬರ್ ಆದ್ಮೇಲೆ ತಗೊಂಡ ಫ್ಲೋಟಿಂಗ್ (ಬಡ್ಡಿ ಏರಿಳಿಯೋ) ಸಾಲ ಆದ್ರೆ ರೆಪೋ ಥರದ ಹೊರಗಿನ ದರಕ್ಕೆ ಕಟ್ಟಿರ್ತಾರೆ, ಮೂರು ತಿಂಗಳಿಗೊಂದ್ಸಲ ಬದಲಾಯಿಸ್ಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡಿಲ್ಲ, ಅವರ ದರ ಅವರೇ ಮಾಡ್ಕೊಳ್ಳೋದು, ಏರಿಸೋವಾಗ ಇರೋ ಚುರುಕು ಇಳಿಸೋವಾಗ ಇರಲ್ಲ, ಹೊಸ ಗಿರಾಕಿಗೆ ಒಂದು ದರ ಹಳೇ ಗಿರಾಕಿಗೆ ಒಂದು. ಅದಕ್ಕೆ ನೀವು ‘ರೇಟ್ ಕನ್ವರ್ಷನ್’ ಅಂತ ಕೇಳ್ಬೇಕು, ಒಂದಿಷ್ಟು ಫೀಸ್ ತಗೊಂಡು ದರ ಇಳಿಸ್ತಾರೆ. ಕೇಳದೆ ಯಾರೂ ಕೊಡಲ್ಲ. ಮತ್ತೆ 8.75%ಗೆ ಬಂತು ಅಂತ ಇಟ್ಕೊಳ್ಳಿ, ಈಗ ಉಳಿದಿರೋ ಅವಧಿನೇ ಇಟ್ಟು ಕಂತು ಇಳಿಸಿದ್ರೆ 22 ಸಾವಿರಕ್ಕೆ ಬರುತ್ತೆ, ಅಥವಾ ಈಗಿನ ಕಂತೇ ಕಟ್ಟಿದ್ರೆ ಉಳಿದ 26 ವರ್ಷ 18 ಆಗುತ್ತೆ. ಸದ್ಯಕ್ಕೆ ನಿಮಗೆ ಬೇಕಿರೋದು ಮೊದಲನೇದು. ಬಡ್ಡಿ ಬದಲಾದಾಗ ಕಂತು ಏರಿಸ್ಬೇಕಾ ಅವಧಿ ಎಳೀಬೇಕಾ ಅಂತ ಗಿರಾಕಿನ ಕೇಳ್ಬೇಕು ಅಂತ 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಹೇಳಿದೆ, ಅದು ನಿಮ್ಮ ಕಂಪನಿಗೂ ಅನ್ವಯಿಸುತ್ತೆ. ಒಂದೇ ತೊಡಕು, ಬಾಕಿ ಇಟ್ಕೊಂಡಿರೋರಿಗೆ ಸಾಮಾನ್ಯವಾಗಿ ಕನ್ವರ್ಷನ್ ಮಾಡಲ್ಲ, ಹಾಗಾಗಿ ಕನ್ವರ್ಷನ್‌ಗೆ ಮುಂಚೆ ಎರಡೂ ಕಂತು ತೀರಬೇಕಾಗುತ್ತೆ. ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡ್ಕೊಳ್ಳೋದು ಇನ್ನೂ ಲಾಭ, ಆದ್ರೆ ಸಿಬಿಲ್‌ನಲ್ಲಿ (ಸಾಲ ಹೇಗೆ ಕಟ್ಟಿದ್ರಿ ಅನ್ನೋ ದಾಖಲೆಲಿ) ಈ 52 ದಿನ ಕಾಣುತ್ತಲ್ಲ, ಕೊನೇ ಪಕ್ಷ ಒಂದು ವರ್ಷ ಸರಿಯಾಗಿ ಕಟ್ಟಿ ತೋರಿಸೋ ತನಕ ಆ ಬಾಗಿಲು ತೆಗೆಯಲ್ಲ ಅಂತಾನೇ ಅಂದ್ಕೊಳ್ಳಿ.

ಮೊರಟೋರಿಯಂ, ಅಂದ್ರೆ ಕೆಲವು ತಿಂಗಳು ಕಂತಿಗೆ ಬಿಡುವು, ಕೊಡಿ ಅಂತ ಕೇಳಿದ್ರೆ ಮ್ಯಾನೇಜರ್ ಮುಖ ಕಿವುಚ್ತಾರೆ. ಅದು ಕೊರೋನಾ ಟೈಮಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಎಲ್ಲರಿಗೂ ಕೊಟ್ಟಿದ್ದು, ಈಗ ಅಂಥ ಯೋಜನೆ ಇಲ್ಲ. ರೀಸ್ಟ್ರಕ್ಚರ್ ಅನ್ನೋದು ಈಗ್ಲೂ ಇದೆ, ಆದ್ರೆ ಕಷ್ಟದಲ್ಲಿದೀವಿ ಅಂತ ಹೇಳಿ ಷರತ್ತು ಸಡಿಲ ಮಾಡಿಸ್ಕೊಂಡ್ರೆ ಆರ್‌ಬಿಐ ನಿಯಮದಲ್ಲಿ ಖಾತೆ ಎನ್‌ಪಿಎಗೆ ಇಳಿಯುತ್ತೆ, ಅವರು ಆ ಸಾಲಕ್ಕೆ ಹೆಚ್ಚು ಹಣ ಎತ್ತಿಡ್ಬೇಕಾಗುತ್ತೆ, ಅದಕ್ಕೇ ಹಿಂಜರೀತಾರೆ, ನಿಮ್ಮ ಮೇಲೆ ದ್ವೇಷ ಇಂದಲ್ಲ. ಹಾಗಾಗಿ ಆ ಪದ ಮೊದಲೇ ಬಳಸ್ಬೇಡಿ. ಬಾಕಿ ತೀರಿದ ಮೇಲೆ ಬಡ್ಡಿ ದರ ಇಳಿಸಿ, ಬಾಕಿ ಎರಡು ಕಂತನ್ನ ನಾಲ್ಕೈದು ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಸೇರಿಸಿ ಕಟ್ತೀವಿ, ದಂಡದ ಚಾರ್ಜು ಬಿಡಿ, ಈ ಮೂರು ಕೇಳಿ. ದಂಡನ ಬಡ್ಡಿ ಥರ ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕೋ ಹಾಗಿಲ್ಲ, ಅದೂ 2023ರದ್ದೇ ನಿಯಮ, ಸ್ಟೇಟ್‌ಮೆಂಟ್‌ನಲ್ಲಿ ಹಾಗೇನಾದ್ರೂ ಮಾಡಿದಾರಾ ನೋಡಿ.

ನಿಮ್ಮಣ್ಣನ ಲೀಸ್ ಐಡಿಯಾ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಎಲ್ರಿಗೂ ಮೊದಲು ಹೊಳೆಯೋದೇ ಇದು. ಏಳೆಂಟು ಲಕ್ಷ ಒಟ್ಟಿಗೆ ಬರುತ್ತೆ, ಬಾಡಿಗೆ ಕೇಳೋ ಹಾಗಿಲ್ಲ, ಮೂರು ವರ್ಷ ಆದ್ಮೇಲೆ ವಾಪಸ್ ಕೊಟ್ರಾಯ್ತು. ಮೂರು ವರ್ಷ ಆದ್ಮೇಲೆ ಎಲ್ಲಿಂದ ಕೊಡ್ತೀರ ಮೇಡಂ? ಅದು ಸಾಲನೇ, ಹೆಸರು ಮಾತ್ರ ಭೋಗ್ಯ. ಮನೆ ಕಂಪನಿಗೆ ಅಡಮಾನ ಇದೆ, ಅವರ ಒಪ್ಪಿಗೆ ಇಲ್ದೆ ಲೀಸ್ ಕೊಟ್ರೆ ಒಪ್ಪಂದ ಮುರಿದ ಹಾಗೆ. ನಾಳೆ ಜಪ್ತಿಗೆ ಬಂದಾಗ ಆ ಲೀಸ್ ಪತ್ರ ಲೆಕ್ಕಕ್ಕೆ ಬರಲ್ಲ, ಒಳಗಿರೋ ಕುಟುಂಬನ ಹೊರಗೆ ಹಾಕ್ತಾರೆ, ಅವರು ನಿಮ್ಮ ಮೇಲೆ ವಂಚನೆ ಕೇಸ್ ಹಾಕ್ತಾರೆ. ನಾನೇ ಒಂದ್ಸಲ ಜಪ್ತಿಗೆ ಹೋದಾಗ ಒಳಗಿದ್ದೋರು ಸಾಲಗಾರರಲ್ಲ, ಲೀಸ್‌ಗೆ ಬಂದೋರು, ಮಗಳ ಮದುವೆಗೆ ಅಂತ ಕೂಡಿಟ್ಟಿದ್ದ ದುಡ್ಡನ್ನ ಕೊಟ್ಟಿದ್ರು ಪಾಪ. ಆ ದಿನ ಪಾತ್ರೆ ಸಾಮಾನೆಲ್ಲ ರಸ್ತೆಗೆ ಬಂದಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಲಗಾರ ಒಳ್ಳೇ ಮನುಷ್ಯನೇ, ಮೋಸ ಮಾಡ್ಬೇಕು ಅಂತ ಮಾಡಿದ್ದಲ್ಲ, ದುಡ್ಡು ಬಂದಾಗ ಎರಡು ಕಂತು ಕಟ್ಟಿ ಮಿಕ್ಕಿದ್ದು ಬೇರೆ ಸಾಲಕ್ಕೆ ಹೋಗಿತ್ತು.

ಬಾಡಿಗೆ ಬೇರೆ ವಿಷಯ. ಕಂಪನಿಗೆ ತಿಳಿಸಿ, ಒಪ್ಪಿಗೆ ಪತ್ರ ತಗೊಂಡು, 11 ತಿಂಗಳ ಅಗ್ರಿಮೆಂಟ್ ಮಾಡಿ, ಎರಡು ಮೂರು ತಿಂಗಳ ಅಡ್ವಾನ್ಸ್ ಮಾತ್ರ ಇಸ್ಕೊಂಡು ಮನೆ ಬಾಡಿಗೆಗೆ ಕೊಟ್ಟು ನೀವು ಒಂದು ವರ್ಷ ತವರಲ್ಲೋ ಸಣ್ಣ ಮನೆಲೋ ಇರೋಕಾಗುತ್ತಾ ಯೋಚನೆ ಮಾಡಿ. ಸ್ವಂತ ಮನೆ ಇಟ್ಕೊಂಡು ಬಾಡಿಗೆ ಮನೆಲಿ ಇರೋದು ಅವಮಾನ ಅಂತ ಯಜಮಾನ್ರು ಅನ್ಬಹುದು. ತಿಂಗಳಿಗೆ ಬರೋದು 36 ಸಾವಿರ, ಅದರಲ್ಲಿ 24,744 ಕಂತಿಗೆ, ಮಿಕ್ಕ ಹನ್ನೊಂದು ಸಾವಿರದಲ್ಲಿ ಅಕ್ಕಿ ಬೇಳೆ, ಗ್ಯಾಸು, ಕರೆಂಟು, ಅತ್ತೆ ಔಷಧಿ. ಈ ಲೆಕ್ಕ ಅವರ ಮುಂದೆ ಪೇಪರ್ ಮೇಲೆ ಬರೆದಿಡಿ, ನಾನು ಹೇಳಿದ್ರೆ ಚುಚ್ಚಿದ ಹಾಗಾಗುತ್ತೆ.

ಸೆಟಲ್‌ಮೆಂಟ್ ಏಜೆಂಟ್ ನಂಬರ್ ಬ್ಲಾಕ್ ಮಾಡಿ. ಇವರು ಮಾಡೋದು ಒಂದೇ, ಕಂತು ನಿಲ್ಸಿ ಅಂತ ಹೇಳಿ ಫೀಸ್ ಇಸ್ಕೊಳ್ಳೋದು. ಸೆಕ್ಯೂರಿಟಿ ಇಲ್ದಿರೋ ಕಾರ್ಡ್ ಸಾಲದಲ್ಲಿ ಬ್ಯಾಂಕ್ ಅರ್ಧಕ್ಕೆ ಒಪ್ಬಹುದು, ನಿಮ್ಮ ಮನೆನೇ ಅವರ ಕೈಲಿರೋವಾಗ ಯಾಕೆ ಕಮ್ಮಿಗೆ ಒಪ್ತಾರೆ? ಒಪ್ಪಿದ್ರೂ ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬೀಳುತ್ತೆ, ಮುಂದೆ ಮಕ್ಕಳ ಓದಿಗೆ ಸಾಲ ಕೇಳೋಕೆ ಹೋದಾಗ ಅದು ಎದ್ದು ಬರುತ್ತೆ.

ಇನ್ನು ಜನ ಹೇಳೋ ಮಾತುಗಳು. ಸಾಲ ಕಟ್ಟದಿದ್ರೆ ಜೈಲು ಅಂತಾರೆ, ಸಾಲ ಕಟ್ಟೋಕಾಗ್ದೇ ಇರೋದು ಕ್ರಿಮಿನಲ್ ಅಪರಾಧ ಅಲ್ಲ. ಆದ್ರೆ ಚೆಕ್ ಬೌನ್ಸ್ ಥರಾನೇ ಖಾತೆಯಿಂದ ತಾನಾಗೇ ಕಟ್ ಆಗೋ ಕಂತು ಬೌನ್ಸ್ ಆದ್ರೂ ಕೋರ್ಟಿಗೆ ದೂರು ಕೊಡೋಕೆ ಕಾನೂನಲ್ಲಿ ಅವಕಾಶ ಇದೆ, ಹಾಗಾಗಿ ಕೋರ್ಟಿಂದ ಸಮನ್ಸ್ ಬಂದ್ರೆ ಮಾತ್ರ ಸುಮ್ಮನಿರ್ಬೇಡಿ. ಸಿವಿಲ್ ಕೋರ್ಟಲ್ಲಿ ಸ್ಟೇ ತಂದುಬಿಡೋಣ ಅಂತಾರೆ, ಸರ್ಫೇಸಿ ಕಾಯ್ದೆ ವಿಷಯಕ್ಕೆ ಸಿವಿಲ್ ಕೋರ್ಟ್ ಕೈ ಹಾಕೋ ಹಾಗಿಲ್ಲ, ಹೋಗ್ಬೇಕಾಗಿರೋದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಸ್ವಾಧೀನದ ಕ್ರಮ ಆಗಿ 45 ದಿನದೊಳಗೆ. 2025ರಲ್ಲಿ ನಮ್ಮ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಕಾನೂನು ತಂತಲ್ಲ, ಅದರಲ್ಲಿ ಸಾಲ ಮನ್ನಾ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ, ಅದು ಆರ್‌ಬಿಐನಲ್ಲಿ ನೋಂದಣಿ ಆಗಿರೋ ಸಂಸ್ಥೆಗಳಿಗೆ ಅನ್ವಯಿಸಲ್ಲ, ನಿಮ್ಮ ಮನೆ ಸಾಲಕ್ಕೆ ಅದು ಉಪಯೋಗಕ್ಕೆ ಬರಲ್ಲ. ರಿಜಿಸ್ಟರ್ಡ್ ಪೋಸ್ಟ್ ತಗೊಳ್ದೇ ಇದ್ರೆ ನೋಟಿಸ್ ಲೆಕ್ಕಕ್ಕಿಲ್ಲ ಅಂತಾರೆ, ಇದು ಎಲ್ಲಕ್ಕಿಂತ ಕೆಟ್ಟ ಸಲಹೆ. ಗೋಡೆಗೆ ಅಂಟಿಸಿದ್ರೂ ತಲುಪಿದ ಹಾಗೇನೇ, 60 ದಿನ ಓಡ್ತಾ ಇರುತ್ತೆ, ನಿಮಗೆ ಮಾತ್ರ ಒಳಗೇನು ಬರೆದಿದೆ ಅಂತ ಗೊತ್ತಿರಲ್ಲ.

ಆ ಹುಡುಗ ಮತ್ತೆ ಬಂದ್ರೆ ಐಡಿ ಕಾರ್ಡು, ಕಂಪನಿ ಕೊಟ್ಟ ಅಧಿಕಾರ ಪತ್ರ ಕೇಳಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7 ಆದ್ಮೇಲೆ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ, ಬೆದರಿಸೋ ಹಾಗಿಲ್ಲ. ಏನಂದ, ಯಾವಾಗ ಅಂದ ಅಂತ ಬರೆದಿಟ್ಟು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ, ಅಲ್ಲಿ ಸರಿಹೋಗದಿದ್ರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಅನ್ನೋ ದೂರಿನ ಪೋರ್ಟಲ್‌ಗೆ ಹಾಕಿ. ಬ್ಯಾಂಕ್ ಸಾಲ ಇರೋರಿಗೆ ಆರ್‌ಬಿಐ ಓಂಬುಡ್ಸ್‌ಮನ್ (ದೂರು ಕೇಳೋ ಅಧಿಕಾರಿ) ಇದೆ, ಫೋನ್ 14448, ಹೌಸಿಂಗ್ ಫೈನಾನ್ಸ್ ಕಂಪನಿ ಅದರಲ್ಲಿ ಬರಲ್ಲ, ಸುಮ್ನೆ ಅಲ್ಲಿ ದಿನ ಕಳೀಬೇಡಿ. ವಕೀಲರು ಬೇಕಾದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ಉಚಿತ, ಸಾಲದಲ್ಲಿ ನಿಮ್ಮ ಸಹಿನೂ ಇದೆಯಲ್ಲ, ನೀವೇ ಅರ್ಜಿ ಕೊಡಿ. ಫೋನ್ 15100.

ಕೊನೇದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಆರು ತಿಂಗಳು ನೋಡಿ. ದರ ಇಳೀತು, ಬಾಡಿಗೆ ಬಂತು, ಯಜಮಾನ್ರ ಸಂಬಳ ಏರ್ತು ಅಂದ್ರೆ ಮನೆ ಉಳಿಯುತ್ತೆ. ಇದ್ಯಾವುದೂ ಆಗ್ಲಿಲ್ಲ ಅಂದ್ರೆ ಖಾತೆ ಸರಿಯಾಗಿರೋವಾಗ್ಲೇ ನೀವೇ ಮಾರಿ. ಮನೆಗೆ 45 ಲಕ್ಷ ಬಂತು ಅಂದ್ಕೊಂಡ್ರೆ ಸಾಲ, ಬ್ರೋಕರ್, ತೆರಿಗೆ ಇದ್ರೆ ಅದೂ ಕಳೆದು ಹದಿನೈದು ಲಕ್ಷದ ಮೇಲೆ ಕೈಲಿ ಉಳಿಯುತ್ತೆ. ಹರಾಜಲ್ಲಿ ಅದೇ ಮನೆ ಕಮ್ಮಿಗೆ ಹೋಗುತ್ತೆ, ವಸೂಲಿ ಖರ್ಚೂ ನಿಮ್ಮ ತಲೆಗೆ. ಮಿಕ್ಕಿದ್ರೆ ನಿಮಗೇ ವಾಪಸ್ ಬರ್ಬೇಕು, ಸಾಲದ್ದು ಬಾಕಿ ಉಳಿದ್ರೆ ಅದನ್ನೂ ನಿಮ್ಮಿಂದ್ಲೇ ವಸೂಲಿ ಮಾಡ್ಬಹುದು, ಮನೆ ಹೋಯ್ತು ಸಾಲ ತೀರ್ತು ಅಂತೇನಿಲ್ಲ. ಮಾರೋ ಹಾಗಿದ್ರೆ ಕಂಪನಿಯಿಂದ ಫೋರ್‌ಕ್ಲೋಷರ್ ಲೆಟರ್ (ಪೂರ್ತಿ ತೀರಿಸೋಕೆ ಎಷ್ಟು ಕಟ್ಬೇಕು ಅನ್ನೋ ಪತ್ರ) ಮತ್ತೆ ಅವರ ಹತ್ರ ಇರೋ ಪತ್ರಗಳ ಪಟ್ಟಿ ತಗೊಳ್ಳಿ, ಕೊಳ್ಳೋರ ಬ್ಯಾಂಕ್ ನೇರ ನಿಮ್ಮ ಕಂಪನಿ ಹೆಸರಿಗೆ ಡಿಡಿ ಕೊಡುತ್ತೆ, ಫ್ಲೋಟಿಂಗ್ ಸಾಲಕ್ಕೆ ಮುಂಚೆ ತೀರಿಸಿದ್ದಕ್ಕೆ ದಂಡ ಇಲ್ಲ, ತೀರಿದ 30 ದಿನದೊಳಗೆ ಪತ್ರ ವಾಪಸ್ ಕೊಡ್ಬೇಕು, ಅವರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡ್ಬೇಕು. ಇ-ಖಾತೆ ಇದೆಯಾ ಈಗ್ಲೇ ನೋಡ್ಕೊಳ್ಳಿ, ಅದಿಲ್ಲದೆ ರಿಜಿಸ್ಟ್ರೇಷನ್ ನಿಂತುಹೋಗಿ ಒಳ್ಳೇ ಪಾರ್ಟಿ ಕೈತಪ್ಪಿದ್ದು ಬೇಕಾದಷ್ಟಿದೆ.

ಈ ವಾರ ಮಾಡೋದು ಒಂದು ಪತ್ರ. ಲೋನ್ ನಂಬರ್, ಕೆಲಸ ಹೋದ ತಾರೀಖು, ಈಗಿನ ಸಂಬಳ ಚೀಟಿ, ಇಂಥ ತಾರೀಖಿಗೆ ಒಂದು ಕಂತು ಕಟ್ತೀವಿ ಅಂತ ಒಂದು ಸಾಲು, ಆಮೇಲೆ ಆ ಮೂರು ಕೋರಿಕೆ. ಅಳು ಬೇಡ, ಒಂದು ಪುಟ ಸಾಕು. ಎರಡು ಪ್ರತಿ ತಗೊಂಡ್ ಹೋಗಿ, ಒಂದರ ಮೇಲೆ ಸೀಲು ಸಹಿ ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಅಲ್ಲೇ ನಿಂತು ಅದನ್ನೇ ಇಮೇಲ್ ಮಾಡಿ. ತಿಂಗಳ ಕೊನೇ ವಾರ ಹೋಗ್ಬೇಡಿ, ಆಗ ಬ್ರಾಂಚಿನವರಿಗೆಲ್ಲ ಟಾರ್ಗೆಟ್ ಜ್ವರ ಇರುತ್ತೆ, ಯಾರ ಮಾತೂ ಕಿವಿಗೆ ಬೀಳಲ್ಲ. ಹತ್ತನೇ ತಾರೀಖಿನ ಆಸುಪಾಸು, ಊಟಕ್ಕೆ ಮುಂಚೆ ಹೋಗಿ, ಯಜಮಾನ್ರನ್ನೂ ಕರ್ಕೊಂಡು.